ಭೀಮನ ಅಮಾವಾಸ್ಯೆಗೆ ಲಕ್ಸರ್

ಸರ್ಕಾರಿ ನೌಕರಿಯಲ್ಲಿರುವವರು ಹೊರದೇಶಕ್ಕೆ ಹೋಗಬೇಕಾದರೆ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಅದರ ಅರ್ಜಿಯಲ್ಲಿ ‘ಪ್ರವಾಸದ ಉದ್ದೇಶ’ ಎಂಬ ಕಾಲಂ ಇರುತ್ತದೆ. ನಾನು ಅಲ್ಲಿ ‘ಸೂರ್ಯಗ್ರಹಣ ವೀಕ್ಷಣೆ’ ಎಂದು ಬರೆದಿದ್ದೆ. ಅರ್ಜಿ ತೆಗೆದುಕೊಂಡ ಗುಮಾಸ್ತರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಮೇಷ್ಟ್ರೇ, ಗ್ರಹಣ ಅಂದ್ರೆ ಜನ ಮನೆಯೊಳಗೆ ಹೋಗ್ತಾರೆ. ನೀವು ದೇಶಾನೇ ಬಿಟ್ಟು ಹೊರಟಿದ್ದೀರಲ್ಲ” ಎಂದರು. ಬರೀ ‘ಪ್ರವಾಸ’ ಎಂದು ಬರೆದುಕೊಟ್ಟರೆ ಮೇಲಿನಿಂದ ಪ್ರಶ್ನೆ ಬರುವುದಿಲ್ಲ ಎಂಬ ಸಲಹೆಯನ್ನೂ ಕೊಟ್ಟರು. ಸಲಹೆ ಒಳ್ಳೆಯದೇ ಇತ್ತು, ಆದರೆ ನಾನು ಒಪ್ಪಲಿಲ್ಲ. ಹಾಸನದ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಗ್ರಹಣದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ಪಾಠ ಹೇಳಿದ ನಾನು ಒಂದೇ ಒಂದು ಖಗ್ರಾಸ ಸೂರ್ಯಗ್ರಹಣವನ್ನೂ ಕಣ್ಣಾರೆ ಕಂಡಿಲ್ಲ. ನಿವೃತ್ತಿಗೆ ಮೊದಲು ಹೋಗುವ ಪ್ರವಾಸದ ಉದ್ದೇಶವನ್ನು ಮುಚ್ಚಿಡಲು ಮನಸ್ಸಾಗಲಿಲ್ಲ.

ಗ್ರಹಣ ಇರುವುದು 2027ರ ಆಗಸ್ಟ್ 2, ಸೋಮವಾರ. ಚಂದ್ರನ ನೆರಳು ಅಟ್ಲಾಂಟಿಕ್ ಸಾಗರದಲ್ಲಿ ಭೂಮಿಯನ್ನು ಮುಟ್ಟಿ, ಸ್ಪೇನ್‌ನ ದಕ್ಷಿಣದ ಅಂಚು, ಮೊರಾಕೊ, ಅಲ್ಜೀರಿಯ, ಟುನೀಶಿಯ, ಲಿಬಿಯ, ಈಜಿಪ್ಟ್, ಸೌದಿ ಅರೇಬಿಯ, ಯೆಮನ್, ಸೊಮಾಲಿಯಗಳ ಮೇಲೆ ಹಾದು ಹಿಂದೂ ಮಹಾಸಾಗರಕ್ಕೆ ಇಳಿಯುತ್ತದೆ. ಸಂಪೂರ್ಣ ಕತ್ತಲೆಯ ಅವಧಿ ಅತಿ ಹೆಚ್ಚು ಸಿಗುವುದು ಈಜಿಪ್ಟಿನ ಲಕ್ಸರ್ ಬಳಿ. ಅಲ್ಲಿ 6 ನಿಮಿಷ 20 ಸೆಕೆಂಡುಗಳಿಗೂ ತುಸು ಮೀರುತ್ತದೆ. ಈ ಸಂಗತಿಗಳನ್ನೆಲ್ಲ ನಾನು ಒಂದು ಭಾನುವಾರ ಮನೆಯಲ್ಲಿ ವಿವರಿಸುತ್ತಿದ್ದಾಗ, ಅಡುಗೆಮನೆಯಿಂದ ಹೊರಬಂದ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಆಗಸ್ಟ್ ಎರಡು ಅಂದ್ರೆ ಭೀಮನ ಅಮಾವಾಸ್ಯೆ ಅಲ್ವೇನ್ರೀ?”

ಲೆಕ್ಕ ಹಾಕಿದೆ. ಹೌದು, ಆಷಾಢದ ಅಮಾವಾಸ್ಯೆ. ಹೆಂಡತಿಯರು ಗಂಡನ ಪಾದಪೂಜೆ ಮಾಡಿ, ಒಂಬತ್ತು ಗಂಟಿನ ಅರಿಶಿನದ ದಾರ ಕಟ್ಟಿಕೊಳ್ಳುವ ದಿನ. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಸೂರತ್‌ಗೆ ಹೋದಾಗಲೂ ಇದೇ ಹಬ್ಬ. ಆ ವರ್ಷ ನಿಮ್ಮ ಚಪ್ಪಲಿ ಇಟ್ಟು ಪೂಜೆ ಮಾಡೋಣ ಅಂದಿದ್ರು ನಿಮ್ಮ ತಂಗಿ” ಎಂದಳು. ನಾನು ಸೂರತ್‌ಗೆ ಹೋಗಿದ್ದು 2009ರ ಜುಲೈ 22ರ ಖಗ್ರಾಸಕ್ಕೆ. ಅಂದೂ ಭೀಮನ ಅಮಾವಾಸ್ಯೆಯೇ.

ಇದು ಕಾಕತಾಳೀಯವಲ್ಲ ಎಂಬುದು ಆ ರಾತ್ರಿ ಪಂಚಾಂಗ ಹಿಡಿದು ಕೂತಾಗ ತಿಳಿಯಿತು. ಗ್ರಹಣಗಳು 223 ಚಾಂದ್ರಮಾಸಗಳಿಗೊಮ್ಮೆ, ಅಂದರೆ 18 ವರ್ಷ 11 ದಿನ ಮತ್ತು ಸುಮಾರು ಎಂಟು ಗಂಟೆಗಳಿಗೊಮ್ಮೆ, ಹೆಚ್ಚು ಕಡಿಮೆ ಅದೇ ರೂಪದಲ್ಲಿ ಮರಳುತ್ತವೆ. ಸಾರೋಸ್ ಎಂದು ಕರೆಯುವ ಈ ಚಕ್ರವನ್ನು ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆ, ಆದರೆ ಅದನ್ನು ನಮ್ಮ ಮಾಸಗಳಲ್ಲಿ ಎಣಿಸಿ ನೋಡಿರಲಿಲ್ಲ. ಹದಿನೆಂಟು ವರ್ಷಕ್ಕೆ ಹನ್ನೆರಡರಂತೆ 216 ತಿಂಗಳು. ಉಳಿದ ಏಳು ಎಲ್ಲಿಂದ ಬಂದವು? 2009ರ ಆಷಾಢದಿಂದ 2027ರ ಆಷಾಢದವರೆಗೆ ಬರುವ ಅಧಿಕಮಾಸಗಳನ್ನು ಬೆರಳು ಮಡಚಿ ಎಣಿಸಿದೆ: 2010ರಲ್ಲಿ ವೈಶಾಖ, 2012ರಲ್ಲಿ ಭಾದ್ರಪದ, 2015ರಲ್ಲಿ ಆಷಾಢ, 2018ರಲ್ಲಿ ಜ್ಯೇಷ್ಠ, 2020ರಲ್ಲಿ ಆಶ್ವಯುಜ, 2023ರಲ್ಲಿ ಶ್ರಾವಣ, 2026ರಲ್ಲಿ ಮತ್ತೆ ಜ್ಯೇಷ್ಠ. ಸರಿಯಾಗಿ ಏಳು. ಸೂರತ್‌ನಲ್ಲಿ ನನಗೆ ತಪ್ಪಿದ ಗ್ರಹಣವೇ ಹದಿನೆಂಟು ವರ್ಷದ ನಂತರ, ಅದೇ ಹಬ್ಬದ ದಿನ, ಪಶ್ಚಿಮಕ್ಕೆ ಸರಿದು ಈಜಿಪ್ಟಿನಲ್ಲಿ ಬರುತ್ತಿದೆ. ಪಶ್ಚಿಮಕ್ಕೆ ಸರಿಯುವುದಕ್ಕೆ ಕಾರಣ ಆ ಉಳಿಕೆ ಎಂಟು ಗಂಟೆ. ಅಷ್ಟರಲ್ಲಿ ಭೂಮಿ ಇನ್ನೂ ಮೂರನೆಯ ಒಂದು ಸುತ್ತು ತಿರುಗಿರುತ್ತದೆ. 1919ರಲ್ಲಿ ಆರ್ಥರ್ ಎಡಿಂಗ್ಟನ್ ಪ್ರಿನ್ಸಿಪೆ ದ್ವೀಪಕ್ಕೆ ಹೋಗಿ, ಸೂರ್ಯನ ಬಳಿ ನಕ್ಷತ್ರಗಳ ಬೆಳಕು ಬಾಗುವುದನ್ನು ಅಳೆದ ಪ್ರಸಿದ್ಧ ಗ್ರಹಣವೂ ಇದೇ ವಂಶದ್ದು.

ಸೂರತ್‌ನಲ್ಲಿ ಆದದ್ದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹಾಸನದಿಂದ ಮಂಗಳೂರಿಗೆ ಬಸ್ಸು, ಅಲ್ಲಿಂದ ಕೊಂಕಣ ರೈಲು, ಉದ್ದಕ್ಕೂ ಮಳೆ. ಜುಲೈ ತಿಂಗಳಲ್ಲಿ ಪಶ್ಚಿಮ ಕರಾವಳಿಯ ಊರೊಂದನ್ನು ಆರಿಸಿಕೊಂಡದ್ದು ನನ್ನದೇ ದಡ್ಡತನ. ಬೆಳಗಿನ ಆರೂಕಾಲು ದಾಟಿದ ಮೇಲೆ, ತಂಗಿದ್ದ ಲಾಡ್ಜಿನ ತಾರಸಿಯ ಮೇಲೆ ಕೊಡೆ ಹಿಡಿದು ನಿಂತಿದ್ದಾಗ, ಮೋಡದ ಹಿಂದೆಯೇ ಬೆಳಕು ಇಳಿಯಿತು. ಎದುರು ಮರದ ಕಾಗೆಗಳು ಮತ್ತೆ ಕೂತವು, ಬೀದಿ ದೀಪಗಳು ಹತ್ತಿಕೊಂಡವು, ಮೂರು ನಿಮಿಷಕ್ಕೂ ಮಿಕ್ಕಿ ಕತ್ತಲೆ ಹಾಗೆಯೇ ನಿಂತು, ಆಮೇಲೆ ಏನೂ ಆಗಲಿಲ್ಲವೆಂಬಂತೆ ಬೆಳಗಾಯಿತು. ನೆರಳಿನೊಳಗೆ ನಾನು ಇದ್ದದ್ದು ನಿಜ. ಸೂರ್ಯನಿದ್ದ ದಿಕ್ಕನ್ನು ಮಾತ್ರ ಅಂದಾಜಿನ ಮೇಲೆ ನೋಡಿ ಬಂದೆ. ಅದೇ ಹೊತ್ತಿನಲ್ಲಿ ವಾರಾಣಸಿಯ ಘಾಟುಗಳ ಮೇಲೆ ನಿಂತವರಿಗೆ ಪೂರ್ತಿ ಗ್ರಹಣ ಕಂಡಿತೆಂದು ಮರುದಿನದ ಪತ್ರಿಕೆಯಲ್ಲಿ ಓದಿ ಹೊಟ್ಟೆ ಉರಿದುಕೊಂಡೆ.

ಆದರೆ ನನ್ನ ಮೊದಲ ಗ್ರಹಣ ಅದಲ್ಲ. 1980ರ ಫೆಬ್ರುವರಿ 16, ಶಿವರಾತ್ರಿ ಮುಗಿದ ಮೇಲಿನ ಅಮಾವಾಸ್ಯೆ, ಶನಿವಾರ. ನನಗೆ ಹನ್ನೊಂದು ವರ್ಷ. ಬೇಲೂರಿನ ಹತ್ತಿರದ ಹಳ್ಳಿಯಲ್ಲಿದ್ದೆವು. ಆ ದಿನ ಚಂದ್ರನ ನೆರಳು ನಮ್ಮದೇ ರಾಜ್ಯದ ಅಂಕೋಲಾ, ಹುಬ್ಬಳ್ಳಿ, ರಾಯಚೂರು ಕಡೆಗಳಿಂದ ಹಾದು ಹೋಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಹುಬ್ಬಳ್ಳಿಯ ಬಳಿಯೂ ರಾಯಚೂರಿನ ಜವಳಗೇರಾದಲ್ಲೂ ದೂರದರ್ಶಕಗಳೊಂದಿಗೆ ಬೀಡು ಬಿಟ್ಟಿದ್ದರು. ಅರಸೀಕೆರೆಯಲ್ಲಿ ರೈಲು ಹತ್ತಿದರೆ ಹುಬ್ಬಳ್ಳಿಗೆ ಹೋಗಿಬಿಡಬಹುದಿತ್ತು. ನಮ್ಮ ಊರಿನಲ್ಲಿ ಹಾಗೆ ಯೋಚಿಸಿದವರು ಯಾರೂ ಇರಲಿಲ್ಲ. ಮಧ್ಯಾಹ್ನಕ್ಕೇ ಬೀದಿ ಖಾಲಿಯಾಗಿತ್ತು. ಅವ್ವ ಉಪ್ಪಿನಕಾಯಿ ಜಾಡಿಗೂ ಹಾಲಿನ ಪಾತ್ರೆಗೂ ಗರಿಕೆ ಹಾಕಿ, ದನಗಳನ್ನು ಕೊಟ್ಟಿಗೆಗೆ ಕೂಡಿ, ನಡುಮನೆಯಲ್ಲಿ ಕಂಚಿನ ತಟ್ಟೆಗೆ ನೀರು ಸುರಿದು ಅದರ ನಡುವೆ ಒನಕೆಯನ್ನು ನೆಟ್ಟಗೆ ನಿಲ್ಲಿಸಿದಳು. ಒನಕೆ ನಿಂತಿತು ಎಂದರೆ ಗ್ರಹಣ ಹಿಡಿದಿದೆ ಎಂದರ್ಥ, ಬಿದ್ದರೆ ಬಿಟ್ಟಿತು ಎಂದರ್ಥ. ಕಿಟಕಿ ಬಾಗಿಲುಗಳೆಲ್ಲ ಮುಚ್ಚಿದ್ದವು.

ನಾನು ಗೋಡೆಗೆ ಒರಗಿ ಕುಳಿತಿದ್ದೆ. ಮಾಡಿನ ಒಂದು ಹೆಂಚು ಮುಕ್ಕಾಗಿ ಬೆರಳು ತೂರದಷ್ಟು ಸಣ್ಣ ಸಂದಿಯಿತ್ತು. ಅಲ್ಲಿಂದ ಇಳಿದ ಬಿಸಿಲಕೋಲು ಸಗಣಿ ಸಾರಿಸಿದ ನೆಲದ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಳಕಿನ ಬಿಲ್ಲೆಯಾಗಿ ದಿನವೂ ಬೀಳುತ್ತಿತ್ತು. ಆ ದಿನ ಬಿಲ್ಲೆಯ ಒಂದು ಬದಿಯನ್ನು ಯಾರೋ ಕಚ್ಚಿದಂತಿತ್ತು. ನೋಡುತ್ತ ನೋಡುತ್ತ ಅದು ಹೋಳಾಯಿತು, ಹೋಳು ಕುಡುಗೋಲಾಯಿತು, ಮೂರೂವರೆ ದಾಟುವ ಹೊತ್ತಿಗೆ ಉಗುರಿನಷ್ಟು ತೆಳುವಾಯಿತು. ಹೆಂಚಿನ ಸಂದಿ ಗುಂಡಗಿದ್ದರೂ ನೆಲದ ಬೆಳಕು ಹೇಗೆ ಕುಡುಗೋಲಾಯಿತು ಎಂದು ನನಗೆ ತಿಳಿಯಲಿಲ್ಲ. ಸಣ್ಣ ರಂಧ್ರದ ಮೂಲಕ ಬರುವ ಬೆಳಕು ಸೂರ್ಯನ ಬಿಂಬವನ್ನೇ ನೆಲಕ್ಕೆ ಇಳಿಸುತ್ತದೆ ಎಂಬ ಪಾಠ ಬಂದದ್ದು ಎಷ್ಟೋ ವರ್ಷಗಳ ನಂತರ. ಅವ್ವನಿಗೆ ತೋರಿಸಿದೆ. ಅವಳು ಒಂದು ಕ್ಷಣ ನೋಡಿ, ಮೊರವನ್ನು ತಂದು ಅದರ ಮೇಲೆ ಮುಚ್ಚಿದಳು. ಮೊರದ ಮೇಲೂ ಕುಡುಗೋಲು ಮೂಡಿತು.

ಮರುದಿನ ಒನಕೆಯನ್ನು ಅದೇ ತಟ್ಟೆಯಲ್ಲಿ ನಿಲ್ಲಿಸಿದೆ. ತುದಿಗೆ ಕಬ್ಬಿಣದ ಬಳೆ ಹಾಕಿದ, ಸಪಾಟು ತಳದ ಒನಕೆ; ಸುಮ್ಮನೆ ನಿಂತಿತು. “ನಿನ್ನೆಯ ಗ್ರಾಣ ಇನ್ನೂ ಪೂರ್ತಿ ಬಿಟ್ಟಿಲ್ಲ ಕಣೋ” ಎಂದಳು ಅವ್ವ. ಅವಳಿಗೆ ಆಗಲೂ ಈಗಲೂ ಉತ್ತರಕ್ಕೆ ಬರವಿಲ್ಲ.

ಇನ್ನೊಂದು ಸಲ ನನಗೆ ತಪ್ಪಿದ್ದು ಬರೀ ಸೋಮಾರಿತನದಿಂದ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಾರಿ ಕೊಡಗಿನ ದಕ್ಷಿಣ ಭಾಗವನ್ನು ಹಾದಿತ್ತು. ಕುಟ್ಟದ ಕಡೆ ಜನ ಜಾತ್ರೆಯಂತೆ ಸೇರಿದ್ದರು. ಹಾಸನದಿಂದ ನಸುಕಿನಲ್ಲಿ ಹೊರಟಿದ್ದರೆ ತಲುಪುತ್ತಿದ್ದೆ. ಆದರೆ ಮನೆಯಲ್ಲಿ ನೆಂಟರಿದ್ದರು, ಚಳಿಯಿತ್ತು, ನಮ್ಮ ತಾರಸಿಯಿಂದಲೇ ಹತ್ತಿರ ಹತ್ತಿರ ತೊಂಬತ್ತು ಭಾಗ ಕಾಣುತ್ತದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊಂಗೆಮರದ ಎಲೆಗಳ ಸಂದಿಯಿಂದ ತಾರಸಿಯ ಮೇಲೆ ನೂರಾರು ಕುಡುಗೋಲುಗಳು ಬಿದ್ದವು. 1980ರ ನೆಲ ನೆನಪಾಯಿತು. ಉಂಗುರ ಮಾತ್ರ ಕೊಡಗಿನವರ ಪಾಲಾಯಿತು.

ಈ ‘ಹತ್ತಿರ ಹತ್ತಿರ’ ಎಂಬ ಮಾತೇ ನನ್ನನ್ನು ಇಷ್ಟು ವರ್ಷ ಕೆಡಿಸಿದ್ದು. ಬೇರೆ ವಿಷಯಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಬಂದರೆ ಮಕ್ಕಳಿಗೆ ಸಿಹಿ ಹಂಚುತ್ತೇವೆ. ಗ್ರಹಣದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸೂರ್ಯನ ಬೆಳಕು ಹುಣ್ಣಿಮೆಯ ಚಂದ್ರನಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಹೆಚ್ಚು. ಆದ್ದರಿಂದ ತೊಂಬತ್ತೊಂಬತ್ತು ಭಾಗ ಮುಚ್ಚಿದ ಮೇಲೂ ಉಳಿದ ಒಂದು ಭಾಗದಲ್ಲಿ ನಾಲ್ಕು ಸಾವಿರ ಹುಣ್ಣಿಮೆಗಳ ಬೆಳಕಿರುತ್ತದೆ. ಸೂರ್ಯನ ಹೊರ ವಾತಾವರಣವಾದ ಕರೋನಾ, ಅಂದರೆ ಪ್ರಭಾವಲಯ, ಸರಿಸುಮಾರು ಒಂದು ಹುಣ್ಣಿಮೆಯಷ್ಟು ಮಾತ್ರ ಬೆಳಗುತ್ತದೆ. ನಾಲ್ಕು ಸಾವಿರದ ಮುಂದೆ ಒಂದು ಹೇಗೆ ಕಾಣಬೇಕು? ಕೊನೆಯ ಮಣಿಯಷ್ಟು ಬೆಳಕೂ ಚಂದ್ರನ ಅಂಚಿನ ಕಣಿವೆಯಲ್ಲಿ ಆರಿದ ಮೇಲೆಯೇ ಅದು ತೆರೆದುಕೊಳ್ಳುತ್ತದೆ. ಅದನ್ನು ನೋಡಲು ನೆರಳಿನ ಒಳಗೇ ಹೋಗಿ ನಿಲ್ಲಬೇಕು. ಆ ನೆರಳಿನ ಪಟ್ಟಿಯ ಅಗಲ ಲಕ್ಸರ್ ಸುತ್ತ ಸುಮಾರು 258 ಕಿಲೋಮೀಟರ್.

ಈ ವ್ಯತ್ಯಾಸ ಹಣ ಪಡೆದು ಪ್ರವಾಸ ಕರೆದೊಯ್ಯುವವರಿಗೂ ತಿಳಿದಿರುವುದಿಲ್ಲ. ‘ಗ್ರಹಣ ವಿಶೇಷ’ ಎಂದು ಹೆಸರಿಟ್ಟು ಒಂದು ಸಂಸ್ಥೆಯವರು ಕಳಿಸಿದ ಕಾರ್ಯಕ್ರಮ ಪಟ್ಟಿಯಲ್ಲಿ ಆಗಸ್ಟ್ 2ರ ಮಧ್ಯಾಹ್ನ ನಾವು ಇರಬೇಕಾದ ಜಾಗ ಕೈರೋ, ಪಿರಮಿಡ್ಡುಗಳ ಮುಂದೆ ಎಂದಿತ್ತು. ಕೈರೋ ನೆರಳಿನ ಪಟ್ಟಿಯಿಂದ ಹೊರಗಿದೆ. ಫೋನ್ ಮಾಡಿ ಹೇಳಿದರೆ, “ಸರ್, ಅಲ್ಲೂ ಬಹುಪಾಲು ಮುಚ್ಚುತ್ತೆ, ಜೊತೆಗೆ ಪಿರಮಿಡ್ ಫೋಟೋ ಸಿಗುತ್ತೆ” ಎಂದು ಆ ಹುಡುಗ ನನಗೇ ಲಾಭ ತೋರಿಸಿದ. ಮುಂಗಡ ಕೊಡುವ ಮೊದಲು ಪಟ್ಟಿ ಓದಿದ್ದರಿಂದ ಬಚಾವಾದೆ. ಆಮೇಲೆ ಎಲ್ಲವನ್ನೂ ನಾನೇ ಮಾಡಿಕೊಳ್ಳುವುದೆಂದು ನಿರ್ಧರಿಸಿದೆ: ಬೆಂಗಳೂರಿನಿಂದ ಕೊಲ್ಲಿ ದೇಶದ ಒಂದು ಊರು ಬಳಸಿ ಕೈರೋ, ಅಲ್ಲಿಂದ ನೈಲ್ ನದಿಯ ಗುಂಟ ರಾತ್ರಿಯ ರೈಲು, ಗ್ರಹಣಕ್ಕೆ ಎರಡು ದಿನ ಮೊದಲೇ ಲಕ್ಸರ್.

ಬೇರೆ ಆಯ್ಕೆಗಳನ್ನು ನೋಡದೆ ಬಿಟ್ಟಿಲ್ಲ. 2026ರ ಆಗಸ್ಟ್ 12ರ ಗ್ರಹಣಕ್ಕೆ ಸ್ಪೇನ್ ಇತ್ತು, ಆದರೆ ಅಲ್ಲಿ ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮೊದಲು, ಎರಡು ನಿಮಿಷವೂ ತುಂಬದ ಕತ್ತಲೆ. ಒಂದು ಗುಡ್ಡ ಅಡ್ಡ ಬಂದರೆ ಎಲ್ಲ ಮುಗಿಯಿತು. 2028ರ ಜುಲೈ 22ಕ್ಕೆ ಸಿಡ್ನಿ. ಅಲ್ಲಿ ಆಗ ಚಳಿಗಾಲ, ಟಿಕೆಟ್ಟಿನ ದರವೂ ನನ್ನ ಅಳತೆ ಮೀರಿದ್ದು. ಲಕ್ಸರ್‌ನ ವಿಚಾರದಲ್ಲಿ ನನ್ನನ್ನು ಗೆದ್ದದ್ದು ಆರು ನಿಮಿಷಕ್ಕಿಂತ ಹೆಚ್ಚಾಗಿ ಅಲ್ಲಿನ ಆಕಾಶ. ಆಗಸ್ಟ್‌ನಲ್ಲಿ ಸಕಲೇಶಪುರದ ಕಡೆಯವರು ಬಿಸಿಲಿನ ಮುಖ ನೋಡಲು ವಾರಗಟ್ಟಲೆ ಕಾಯುತ್ತಾರೆ. ಲಕ್ಸರ್‌ನಲ್ಲಿ ಆ ತಿಂಗಳು ಮಳೆಯೆಂಬುದೇ ಇಲ್ಲ. ಅದಕ್ಕೆ ತೆರಬೇಕಾದ ಬೆಲೆ ಸೆಕೆ. ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಸೂರ್ಯ ಹೆಚ್ಚು ಕಡಿಮೆ ನೆತ್ತಿಯ ಮೇಲಿರುತ್ತಾನೆ, ಗ್ರಹಣದ ಸ್ಪರ್ಶದಿಂದ ಮೋಕ್ಷದವರೆಗೆ ಸುಮಾರು ಮೂರು ಗಂಟೆ ಆ ಬಿಸಿಲಿನಲ್ಲೇ ಇರಬೇಕು. ನಿಂತು ನೋಡಿದರೆ ಕತ್ತು ಹೋಗುತ್ತದೆ. ಮಲಗಿ ನೋಡಲು ಒಂದು ಚಾಪೆ ಕೊಂಡೊಯ್ಯುವುದೆಂದು ತೀರ್ಮಾನವಾಗಿದೆ.

ಆರು ನಿಮಿಷ ಯಾಕೆ, ಎರಡೇ ನಿಮಿಷ ಯಾಕಲ್ಲ ಎಂದು ತರಗತಿಯಲ್ಲಿ ಒಬ್ಬಳು ಕೇಳಿದಳು. ಸೂರ್ಯ ಚಂದ್ರನಿಗಿಂತ ನಾನೂರು ಪಟ್ಟು ದೊಡ್ಡವನು, ನಾನೂರು ಪಟ್ಟು ದೂರದಲ್ಲೂ ಇದ್ದಾನೆ. ಹಾಗಾಗಿ ಎರಡೂ ಒಂದೇ ಅಳತೆಯವಾಗಿ ಕಾಣುತ್ತವೆ. ಆದರೆ ದೂರಗಳು ತುಸು ಏರಿಳಿಯುತ್ತವೆ. ಜುಲೈ ಮೊದಲ ವಾರ ಭೂಮಿ ಸೂರ್ಯನಿಂದ ಅತಿ ದೂರವಿರುತ್ತದೆ, ಆಗಸ್ಟ್ 2ಕ್ಕೂ ಸೂರ್ಯ ಸಣ್ಣವನಾಗಿಯೇ ಕಾಣುತ್ತಾನೆ. ಅದೇ ದಿನ ಚಂದ್ರ ಭೂಮಿಗೆ ಹತ್ತಿರ ಬಂದು ದೊಡ್ಡವನಾಗಿರುತ್ತಾನೆ. ದೊಡ್ಡ ತಟ್ಟೆ ಸಣ್ಣ ಬಟ್ಟಲನ್ನು ಹೆಚ್ಚು ಹೊತ್ತು ಮುಚ್ಚುತ್ತದೆ. 2019ರ ಕಂಕಣದಲ್ಲಿ ಆದದ್ದು ಇದರ ತಿರುವುಮುರುವು. ಅದೇ ಹುಡುಗಿ, ಆದಿತ್ಯ-ಎಲ್1 ನೌಕೆ ಕರೋನಾವನ್ನು ನೋಡುತ್ತಲೇ ಇರುವಾಗ ನೀವು ದುಡ್ಡು ಕೊಟ್ಟು ಯಾಕೆ ಹೋಗಬೇಕು ಸರ್ ಎಂದೂ ಕೇಳಿದಳು. ಅದರ ಕರೋನಾಗ್ರಾಫ್ ಉಪಕರಣವನ್ನು ಕಟ್ಟಿದ್ದು ನಮ್ಮ ಹೊಸಕೋಟೆಯಲ್ಲಿ, 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅದು ಸೂರ್ಯನಿಗೆ ಕೃತಕ ಗ್ರಹಣ ಹಿಡಿಸಿಕೊಂಡು ಕೆಲಸ ಮಾಡುತ್ತದೆ, ಸೂರ್ಯನ ಮೇಲ್ಮೈ ಆರು ಸಾವಿರ ಡಿಗ್ರಿಯ ಆಸುಪಾಸಿನಲ್ಲಿದ್ದರೂ ಕರೋನಾ ಹತ್ತು ಲಕ್ಷ ಡಿಗ್ರಿ ಮೀರುವುದೇಕೆ ಎಂಬ ಒಗಟಿನ ಬೆನ್ನು ಹತ್ತಿದೆ ಎಂದೆಲ್ಲ ವಿವರಿಸಿದೆ. ಅವಳ ಪ್ರಶ್ನೆಗೆ ಅದು ಉತ್ತರವಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

ಗ್ರಹಣ ನೋಡಲು ಸಮುದ್ರ ದಾಟುವುದೇನೂ ಹೊಸದಲ್ಲ. 1868ರ ಆಗಸ್ಟ್ 18ರ ಗ್ರಹಣಕ್ಕೆ ಫ್ರಾನ್ಸಿನಿಂದ ಖಗೋಳ ವಿಜ್ಞಾನಿ ಜಾನ್ಸೆನ್ ಗುಂಟೂರಿಗೆ ಬಂದರು. ಸರ್ವೆ ಇಲಾಖೆಯ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ಉಪಕರಣ ಹೂಡಿದ್ದರು. ಆ ಗ್ರಹಣದಲ್ಲಿ ಸೂರ್ಯನ ಅಂಚಿನ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಂಡ ಒಂದು ಹಳದಿ ರೇಖೆಯ ಜಾಡು ಹಿಡಿದೇ ಹೀಲಿಯಂ ಸಿಕ್ಕಿತು. ಗ್ರಹಣದಂದು ಬಾಗಿಲು ಹಾಕಿಕೊಳ್ಳುವುದೇ ನಮ್ಮ ಸಂಪ್ರದಾಯ ಎನ್ನುವವರು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಶಾಸನಗಳಿರುವ ಎಪಿಗ್ರಾಫಿಯ ಕರ್ನಾಟಿಕದ ಐದು ಮತ್ತು ಆರನೆಯ ಸಂಪುಟಗಳನ್ನು ತಿರುವಿ ನೋಡಬೇಕು. ಸೂರ್ಯಗ್ರಹಣದ ದಿನ ಧಾರೆಯೆರೆದು ಭೂಮಿ ಕೊಟ್ಟ ದಾನಗಳು ಅಲ್ಲಿ ಸಿಗುತ್ತವೆ. ನಮ್ಮ ಹಳಬರು ಗ್ರಹಣದ ಹೊತ್ತಿನಲ್ಲಿ ಮನೆಯೊಳಗೆ ಮುದುಡಿ ಕೂತಿದ್ದಷ್ಟೇ ಅಲ್ಲ, ಹೊರಗೆ ಬಂದು ಕೈ ಬಿಚ್ಚಿ ಕೊಟ್ಟಿದ್ದೂ ಉಂಟು.

ಸಾಮಾನಿನ ಪಟ್ಟಿ ಚಿಕ್ಕದು. ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 12312-2 ಗುರುತಿರುವ ಗ್ರಹಣ ಕನ್ನಡಕ ನಾಲ್ಕು, ಒಡೆದರೆ ಕಳೆದರೆ ಇರಲಿ ಎಂದು. ಹಳೆಯ ಎಕ್ಸ್‌ರೇ ಫಿಲಂ, ಹೊಗೆ ಹಿಡಿಸಿದ ಗಾಜು ಇವನ್ನೆಲ್ಲ ಯಾರು ಕೊಟ್ಟರೂ ಬೇಡ. ಕಣ್ಣಿಗೆ ಕಾಣದ ಕಿರಣಗಳನ್ನು ಅವು ತಡೆಯುವುದಿಲ್ಲ. ಒಂದು ಬೈನಾಕ್ಯುಲರ್, ಅದಕ್ಕೆ ಫಿಲ್ಟರ್. ಕ್ಯಾಮೆರಾ ಒಯ್ಯುವುದಿಲ್ಲ, ಆರು ನಿಮಿಷವನ್ನು ಗುಂಡಿ ಒತ್ತುತ್ತ ಕಳೆದವರ ಗೋಳನ್ನು ಸಾಕಷ್ಟು ಓದಿದ್ದೇನೆ. ವಜ್ರದುಂಗುರದ, ಅಂದರೆ ಅಂಚಿನಲ್ಲಿ ಉಳಿದ ಕೊನೆಯ ಬೆಳಕಿನ ಬಿಂದುವಿನ, ಹೊಳಪು ಆರಿದ ಕೂಡಲೇ ಕನ್ನಡಕ ತೆಗೆಯಬೇಕು, ಎದುರು ಅಂಚಿನಲ್ಲಿ ಮತ್ತೆ ಬೆಳಕು ಚಿಮ್ಮುವ ಮುನ್ನ ಹಾಕಿಕೊಳ್ಳಬೇಕು. ನಡುವಿನ ಹೊತ್ತಿನಲ್ಲಿ ಒಮ್ಮೆಯಾದರೂ ದಿಗಂತದ ಸುತ್ತ ಕಣ್ಣಾಡಿಸಬೇಕು, ನಾಲ್ಕೂ ದಿಕ್ಕಿನಲ್ಲಿ ಸಂಜೆಗೆಂಪು ಇರುತ್ತದಂತೆ.

ಖರ್ಚಿನ ಮಾತು ಬಂದಾಗ ಹೆಂಡತಿ ಲೆಕ್ಕದ ಪುಸ್ತಕ ತೆಗೆದಳು. ಇಬ್ಬರಿಗೆ ನಾಲ್ಕು ಲಕ್ಷ, 380 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ ಸಾವಿರದ ಐವತ್ತು ರೂಪಾಯಿ ಚಿಲ್ಲರೆ. “ಒಂದು ಸಲ ರೆಪ್ಪೆ ಬಡಿದ್ರೆ ಒಂದು ಚೀಲ ಅಕ್ಕಿ ಅರ್ಧ ಹೋಯ್ತು” ಎಂದಳು. ಲೆಕ್ಕ ಇಬ್ಬರಿಗೆ ಎಂದು ಶುರು ಮಾಡಿದವಳು ಅವಳೇ ಎಂಬುದನ್ನು ನಾನು ಗಮನಿಸಿದೆ, ಮಾತನಾಡಲಿಲ್ಲ. ಮರುವಾರ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬಂದಳು. ಪಾದಪೂಜೆ ಬೆಳಗ್ಗೆಯೇ, ಸ್ಪರ್ಶಕ್ಕೆ ಮೊದಲೇ, ಲಕ್ಸರ್‌ನ ಹೋಟೆಲಿನ ಕೋಣೆಯಲ್ಲಿ ಆಗುತ್ತದೆಯಂತೆ. ಹೊಸಿಲ ಮೇಲೆ ಮೊಣಕೈಯಿಂದ ಭಂಡಾರ ಒಡೆಯಲು ತಮ್ಮನೊಬ್ಬ ಬೇಕಲ್ಲ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಅವ್ವ ಹಾಸನದಲ್ಲೇ, ತಂಗಿಯ ಜೊತೆ ಇರುತ್ತಾಳೆ. ಅವಳಿಗೆ ಈಗ ಎಂಬತ್ತೈದರ ಮೇಲೆ. 1980ರ ಗ್ರಹಣ ಮೂರು ಸಾರೋಸ್ ದಾಟಿ, 54 ವರ್ಷ ಒಂದು ತಿಂಗಳ ನಂತರ, 2034ರ ಮಾರ್ಚ್ 20ರಂದು, ಯುಗಾದಿಯ ಹಿಂದಿನ ದಿನ, ಮತ್ತೆ ಭಾರತಕ್ಕೇ ಬರುತ್ತದೆ, ಈ ಸಲ ಕಾರ್ಗಿಲ್ ಕಡೆಗೆ ಎಂದು ಅವಳಿಗೆ ಹೇಳಿದೆ. ಹಿಮಕ್ಕೆ ರಸ್ತೆ ಮುಚ್ಚುವ ತಿಂಗಳು, ಸಂಜೆಯ ಇಳಿಸೂರ್ಯ, ಸುತ್ತ ಬೆಟ್ಟ. ಅಲ್ಲಿಗೆ ಹೋಗುತ್ತೇನೆಂಬ ಧೈರ್ಯ ನನಗಿಲ್ಲ. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. “ದುಡ್ಡು ಕೊಟ್ಟು ಗ್ರಾಣ ಹಿಡಿಸ್ಕೊಂಡು ಬರ್ತೀನಿ ಅಂತೀಯಲ್ಲ ಮಗ” ಎಂದು ನಕ್ಕಳು. ಆಮೇಲೆ, ಅದೇ ದಿನ ಇಲ್ಲಿಯೂ ಹಿಡಿಯುತ್ತದೆಯೇ ಎಂದು ವಿಚಾರಿಸಿದಳು. ಹಿಡಿಯುತ್ತದೆ, ಆದರೆ ಒಂದಂಚು ಮಾತ್ರ. ಲಕ್ಸರ್‌ನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಕತ್ತಲಾದಾಗ ನಮ್ಮಲ್ಲಿ ಮೂರೂವರೆ. ಕತ್ತಲೆ ಅಲ್ಲಿಂದ ಕೆಂಪು ಸಮುದ್ರ ದಾಟಿ ಈ ಕಡೆಗೆ ಬರುತ್ತ, ಅದರ ಹೊರ ಅಂಚು ಸ್ವಲ್ಪ ಹೊತ್ತಿಗೆ ಹಾಸನವನ್ನೂ ತಾಗುತ್ತದೆ. ಆಷಾಢದ ಮೋಡದಲ್ಲಿ ಯಾರಿಗೂ ಏನೂ ಕಾಣಲಿಕ್ಕಿಲ್ಲ ಎಂದೆ.

“ಕಾಣದಿದ್ರೇನು, ಒನಕೆ ಐತಲ್ಲ” ಎಂದಳು. “ಅಲ್ಲಿ ಬಿಟ್ಟ ತಕ್ಷಣ ಒಂದು ಫೋನ್ ಮಾಡು. ನಾನು ಇಲ್ಲಿ ತಟ್ಟೆಗೆ ನೀರು ಹಾಕ್ತೀನಿ.”